ಚಲಚ್ಚಿತ್ರದಿಂದ ರಂಗಕ್ಕೆ: ಕ್ರಿಸ್ಮಸ್ ಕಥೆಯೊಂದನ್ನು ಹಾಡುನಾಟಕವಾಗಿಸುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಹಲವರು ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಊರುಗಳ ಪಾಠಶಾಲೆಗಳಲ್ಲಿಯೂ ಭಾನುವಾರಶಾಲೆಗಳಲ್ಲಿಯೂ ಉಪಾಧ್ಯಾಯಿನಿಯರಾಗಿದ್ದಾರೆ. ನವೆಂಬರ್ ತಿಂಗಳು ಕಾಲಿಟ್ಟೊಡನೆ ಅವರು ಕೇಳುವ ಪ್ರಶ್ನೆ ಒಂದೇ: ಈ ಸಲದ ಹಬ್ಬಕ್ಕೆ ಏನನ್ನು ಆಡಿಸೋಣ? ಕುರುಬರು, ಮೂಡಣ ದೇಶದ ಜೋಯಿಸರು, ಹೆರೋದ, ಗೋದಲಿ, ಇವು ಎಂದಿಗೂ ಹಳತಾಗತಕ್ಕವಲ್ಲ. ಆದರೂ ವರ್ಷವರ್ಷವೂ ಅದೇ ಕಂಬಳಿ, ಅದೇ ಕಾಗದದ ಕಿರೀಟಗಳನ್ನು ಕಂಡು ಮಕ್ಕಳಿಗೆ ಬೇಸರ ಹುಟ್ಟಿದರೆ ಅವರನ್ನು ದೂರುವಂತಿಲ್ಲ. ಹಬ್ಬದ ಕಾಲಕ್ಕೆ ಜನರು ಮತ್ತೆ ಮತ್ತೆ ನೋಡುವ ಹಳೆಯ ಚಲಚ್ಚಿತ್ರವೊಂದನ್ನು ಹಾಡುನಾಟಕವನ್ನಾಗಿ ಮಾಡಬಹುದೇ ಎಂದು ಇತ್ತೀಚೆಗೆ ಕೆಲವರು ಕೇಳಿದ್ದಾರೆ. ಮಾಡಬಹುದು. ಆದರೆ ಚಿತ್ರದ ಮಾತುಗಳನ್ನು ಹಾಳೆಗಿಳಿಸಿಕೊಂಡು ನಡುನಡುವೆ ನಾಲ್ಕು ಹಾಡು ಸೇರಿಸಿದ ಮಾತ್ರಕ್ಕೆ ಅದು ನಾಟಕವಾಗದು. ಚಿತ್ರದಲ್ಲಿ ಕ್ಯಾಮರಾ ಮಾಡಿದ ಕೆಲಸವನ್ನು ರಂಗದ ಮೇಲೆ ಯಾವುದು ಮಾಡಬೇಕು ಎಂಬುದನ್ನು ಮೊದಲು ತಿಳಿಯಬೇಕು. ಈ ಪಾಠದ ವಿಷಯ ಅಷ್ಟೇ.

ಉದಾಹರಣೆಗೆ ಒಂದೇ ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಅದು 1946ರಲ್ಲಿ ಅಮೆರಿಕದಲ್ಲಿ ಫ್ರ್ಯಾಂಕ್ ಕಾಪ್ರಾ ಎಂಬವರು ನಿರ್ದೇಶಿಸಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ಇದರ ಹುಟ್ಟೇ ಒಂದು ಸ್ವಾರಸ್ಯದ ಕಥೆ. ಫಿಲಿಪ್ ವ್ಯಾನ್ ಡೋರನ್ ಸ್ಟರ್ನ್ ಎಂಬ ಲೇಖಕರು ಬರೆದ ಸಣ್ಣಕಥೆಯೊಂದನ್ನು ಯಾರೂ ಪ್ರಕಟಿಸಲೊಪ್ಪಲಿಲ್ಲ. ಅವರು 1943ರ ಕ್ರಿಸ್ಮಸ್ ಕಾಲಕ್ಕೆ ಅದರ 200 ಪ್ರತಿಗಳನ್ನು ತಾವೇ ಅಚ್ಚುಹಾಕಿಸಿ, ಹಬ್ಬದ ಶುಭಾಶಯಪತ್ರದಂತೆ ಮಿತ್ರರಿಗೆ ಹಂಚಿದರು. ಆ ಪುಟ್ಟ ಪುಸ್ತಿಕೆ ಕೈಯಿಂದ ಕೈಗೆ ಹೋಗಿ ಚಿತ್ರವಾಯಿತು. ಚಿತ್ರ ತೆರೆಕಂಡಾಗ ಹಾಕಿದ ಹಣವೂ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸಬೇಕಾದವರು ನವೀಕರಿಸದೆ ಬಿಟ್ಟರು. ಆಗ ಅಲ್ಲಿನ ದೂರದರ್ಶನ ಕೇಂದ್ರಗಳು ಹಣ ಕೊಡದೆ ಪ್ರತಿ ಡಿಸೆಂಬರಿನಲ್ಲಿ ಅದನ್ನು ತೋರಿಸತೊಡಗಿದವು. ಹೀಗೆ, ಕಚೇರಿಯ ಮರೆವಿನಿಂದಾಗಿ, ಸೋತ ಚಿತ್ರ ಹಬ್ಬದ ಚಿತ್ರವಾಯಿತು.

ಕಥೆಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳಬೇಕು. ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರು. ಜಾರ್ಜ್ ಬೇಲಿ ಎಂಬವನಿಗೆ ದೇಶ ಸುತ್ತಬೇಕು, ಸೇತುವೆ ಕಟ್ಟಬೇಕು ಎಂಬ ಆಸೆ. ತಂದೆ ತೀರಿಕೊಂಡದ್ದರಿಂದ ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ತಂದೆಯ ಚಿಕ್ಕ ಸಂಘವನ್ನು ನಡೆಸುತ್ತ ಊರಿನಲ್ಲಿಯೇ ಉಳಿಯುತ್ತಾನೆ. ಊರಿನ ಧನಿಕ ಪಾಟರನಿಗೆ ಆ ಸಂಘ ಕಣ್ಣಿನ ಕಸ. ಒಂದು ಕ್ರಿಸ್ಮಸ್ ಹಿಂದಿನ ದಿನ ಜಾರ್ಜನ ಚಿಕ್ಕಪ್ಪ ಸಂಘದ 8,000 ಡಾಲರುಗಳನ್ನು ಎಲ್ಲಿಯೋ ಕಳೆಯುತ್ತಾನೆ. ಅದು ಪಾಟರನ ಕೈಗೆ ಸಿಕ್ಕರೂ ಅವನು ಬಾಯಿಬಿಡುವುದಿಲ್ಲ. ಸೆರೆಮನೆಯ ಭಯದಿಂದ ಜಾರ್ಜ್ ಸೇತುವೆಯ ಮೇಲೆ ಹೋಗಿ ನಿಲ್ಲುತ್ತಾನೆ. ಕ್ಲಾರೆನ್ಸ್ ಎಂಬ ಮುದಿ ದೇವದೂತ ಅವನನ್ನು ತಡೆಯುತ್ತಾನೆ. ತಾನು ಹುಟ್ಟಲೇಬಾರದಿತ್ತು ಎಂದು ಜಾರ್ಜ್ ಹೇಳಲು, ಅವನು ಹುಟ್ಟದೆ ಇದ್ದಿದ್ದರೆ ಆ ಊರು ಹೇಗಿರುತ್ತಿತ್ತೆಂದು ದೂತನು ತೋರಿಸುತ್ತಾನೆ. ಅದನ್ನು ಕಂಡ ಮೇಲೆ ಅವನು ಬದುಕನ್ನು ಮತ್ತೆ ಬೇಡಿಕೊಂಡು ಮನೆಗೆ ಓಡುತ್ತಾನೆ. ಊರವರೆಲ್ಲ ಕೈಲಾದಷ್ಟು ಹಣ ತಂದು ಅವನ ಮೇಜಿನ ಮೇಲೆ ಸುರಿಯುತ್ತಾರೆ.

ಜನ್ಮೋತ್ಸವದ ಹಬ್ಬದಂದು ‘ನಾನು ಹುಟ್ಟಬಾರದಿತ್ತು’ ಎನ್ನುವ ಮನುಷ್ಯನ ಕಥೆಯಿದು. ಗೋದಲಿಯ ಕೂಸು ಚಿತ್ರದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಆದರೂ ಒಂದು ಜನನದಿಂದ ಲೋಕಕ್ಕೆ ಏನು ಬಂತು ಎಂಬ ಹಬ್ಬದ ಪ್ರಶ್ನೆಯನ್ನೇ ಅದು ಇನ್ನೊಂದು ತುದಿಯಿಂದ ಹಿಡಿದೆತ್ತಿದೆ. ಮಿಶನ್ ಶಾಲೆಯ ಹಬ್ಬದ ಸಂಜೆಗೆ ಇದಕ್ಕಿಂತ ತಕ್ಕ ವಸ್ತುವನ್ನು ನಾನು ಕಂಡಿಲ್ಲ.

ಒಂದು ಭಾಷೆಯ, ಒಂದು ಮಾಧ್ಯಮದ ಕೃತಿಯನ್ನು ಇನ್ನೊಂದಕ್ಕೆ ತರುವುದು ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಬಹುಮಟ್ಟಿಗೆ ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿದ ಗ್ರಂಥ. ಹಾಗಿದ್ದರೂ ಕನ್ನಡ ನಾಡಿನ ಎಲ್ಲೆ, ಕನ್ನಡಿಗರ ನುಡಿಯ ಜಾಣ್ಮೆ ಇವು ಅದರಲ್ಲಿ ಬಂದುದರಿಂದ ಅದು ನಮ್ಮದಾಯಿತು. ದಂಡಿಯಿಂದ ತೆಗೆದುಕೊಂಡದ್ದಕ್ಕೆ ಅವರು ನಾಚಲಿಲ್ಲ. ತಮ್ಮ ನಾಡನ್ನು ಅದರೊಳಗೆ ಕೂಡಿಸಲು ಮರೆಯಲೂ ಇಲ್ಲ. ಮಳಖೇಡದ ಕೋಟೆಯನ್ನು ನೋಡಲು ಹೋಗುವ ನಮ್ಮ ಹುಡುಗಿಯರು ಗೋಡೆಗಳ ಜೊತೆಗೆ ಈ ಸಂಗತಿಯನ್ನೂ ನೆನೆದರೆ ಒಳ್ಳೆಯದು.

ಚಿತ್ರ ಮತ್ತು ನಾಟಕಗಳ ನಂಟಿನಲ್ಲಿ ಮಾತ್ರ ನಮ್ಮ ದಾರಿ ಹೆಚ್ಚಾಗಿ ಎದುರು ದಿಕ್ಕಿನದು. ಗುಬ್ಬಿ ಕಂಪನಿಯ ರಂಗದಲ್ಲಿ ಹೆಸರಾದ ‘ಸದಾರಮೆ’ 1935ರಲ್ಲಿ ಚಿತ್ರವಾಯಿತು. ‘ಬೇಡರ ಕಣ್ಣಪ್ಪ’ 1954ರಲ್ಲಿ. ಚಿತ್ರದಿಂದ ರಂಗಕ್ಕೆ ಬಂದವುಗಳಲ್ಲಿ ನಮ್ಮ ದೇಶದಲ್ಲಿ ಹೆಸರಾದದ್ದು ಕೆ. ಆಸಿಫರ ‘ಮುಘಲ್-ಎ-ಆಜಮ್’. 1960ರ ಈ ಚಿತ್ರವನ್ನು 2016ರಲ್ಲಿ ಫಿರೋಜ್ ಅಬ್ಬಾಸ್ ಖಾನರು ಮುಂಬಯಿಯಲ್ಲಿ ಸಂಗೀತ ನಾಟಕವನ್ನಾಗಿ ಮಾಡಿದರು. ಚಿತ್ರದಲ್ಲಿ ತೆರೆಯ ಹಿಂದಿನ ಗಾಯಕಿಯರು ಹಾಡಿದ ಹಾಡುಗಳನ್ನು ರಂಗದಲ್ಲಿ ಪಾತ್ರಧಾರಿಣಿಯರೇ ನಿಂತು ಹಾಡಿದರು. ನಮ್ಮ ಶಾಲೆಗಳಲ್ಲಿ ಈಗೀಗ ಧ್ವನಿಮುದ್ರಿಕೆಯನ್ನು ಹಚ್ಚಿ, ಮಕ್ಕಳು ಬರಿದೆ ತುಟಿ ಆಡಿಸುವ ರೂಢಿ ಬಂದಿದೆ. ಅದನ್ನು ನಾನು ಎಷ್ಟುಮಾತ್ರಕ್ಕೂ ಒಪ್ಪಲಾರೆ. ಸ್ವರ ತಪ್ಪಲಿ, ಹುಡುಗಿಯೇ ಹಾಡಲಿ.

ಜಾರ್ಜ್ ಬೇಲಿಯ ಕಥೆಯೂ ರಂಗಕ್ಕೆ ಬಂದಿದೆ. ಶೆಲ್ಡನ್ ಹಾರ್ನಿಕ್ ಹಾಡು ಬರೆದು ಜೋ ರಪೋಸೊ ರಾಗ ಕೂಡಿಸಿದ ‘ಎ ವಂಡರ್‌ಫುಲ್ ಲೈಫ್’ ಎಂಬ ಸಂಗೀತ ನಾಟಕ 1986ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೊದಲು ಆಡಲ್ಪಟ್ಟಿತು. 2016ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ನಗರದಲ್ಲಿ ಜೇಕ್ ಹೆಗ್ಗಿಯವರ ಸಂಗೀತಕ್ಕೆ ಜೀನ್ ಶೀರ್ ಮಾತು ಕೂಡಿಸಿದ ಆಪೆರಾ, ಎಂದರೆ ಮಾತೆಲ್ಲವೂ ಹಾಡಾಗಿರುವ ನಾಟಕ, ಪ್ರಯೋಗವಾಯಿತು. ಈ ಎರಡನೆಯದರಿಂದ ನಾವು ಕಲಿಯತಕ್ಕದ್ದು ಬಹಳ ಉಂಟು. ಅದರಲ್ಲಿ ಮುದಿ ಕ್ಲಾರೆನ್ಸ್ ಇಲ್ಲ. ಕ್ಲಾರಾ ಎಂಬ ತರುಣ ದೇವದೂತೆ ಬಂದಿದ್ದಾಳೆ. ಹೆಣ್ಣುಮಕ್ಕಳ ಶಾಲೆಗೆ ಇದಕ್ಕಿಂತ ದೊಡ್ಡ ಉಪಕಾರ ಬೇಡ. ಇನ್ನೊಂದು ಬದಲಾವಣೆ ಇದಕ್ಕಿಂತಲೂ ಆಳವಾದುದು. ಜಾರ್ಜ್ ಹುಟ್ಟದಿರುವ ಊರನ್ನು ತೋರಿಸುವಾಗ ಅಲ್ಲಿ ಸಂಗೀತವೇ ನಿಂತುಹೋಗುತ್ತದೆ. ಅದುವರೆಗೆ ಹಾಡುತ್ತಿದ್ದವರು ಬರಿಯ ಮಾತನಾಡುತ್ತಾರೆ.

ಇದು ಏಕೆ ಆಳವೆಂಬುದನ್ನು ಅರಿಯಲು ಚಿತ್ರದಲ್ಲಿ ಅದೇ ಎಡೆಯಲ್ಲಿ ಏನಿದೆಯೆಂದು ನೋಡಬೇಕು. ಸೇತುವೆಯ ಮೇಲೆ ಹಿಮ ಸುರಿಯುತ್ತಿದೆ. ಹುಟ್ಟಬಾರದಿತ್ತೆಂಬ ಮಾತು ಜಾರ್ಜನ ಬಾಯಿಂದ ಹೊರಟು ಅದು ನೆರವೇರಿದ ಗಳಿಗೆಯಲ್ಲಿ ಹಿಮ ನಿಲ್ಲುತ್ತದೆ. ಕಡೆಗೆ ಅವನು ಬದುಕನ್ನು ಮರಳಿ ಪಡೆದಾಗ ಹಿಮ ಮತ್ತೆ ಬೀಳುತ್ತದೆ. ಎರಡು ಲೋಕಗಳ ನಡುವಿನ ಬಾಗಿಲು ಹಿಮ. ಆ ಹಿಮಕ್ಕಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯದ ಬೇಸಿಗೆಯಲ್ಲಿ. ಅದಕ್ಕೆ ಮುಂಚೆ ಚಿತ್ರಗಳಲ್ಲಿ ಜೋಳದ ಅವಲಿಗೆ ಬಿಳಿ ಬಣ್ಣ ಬಳಿದು ಹಿಮವೆಂದು ಹರಡುತ್ತಿದ್ದರು. ಅದರ ಮೇಲೆ ನಡೆದರೆ ಕರುಕುರು ಸದ್ದಾಗಿ ಮಾತು ಕೇಳಿಸುತ್ತಿರಲಿಲ್ಲ. ಬೆಂಕಿ ಆರಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸದ್ದಿಲ್ಲದ ಹಿಮವನ್ನು ಈ ಚಿತ್ರಕ್ಕಾಗಿ ಮಾಡಿದರು. ಅದಕ್ಕೆ ಅಕಾಡೆಮಿಯ ತಾಂತ್ರಿಕ ಪುರಸ್ಕಾರವೂ ದೊರೆಯಿತು.

ಈಗ ನಮ್ಮ ರಂಗಕ್ಕೆ ಬರೋಣ. ಹಿಮವೆಂದರೆ ಹತ್ತಿಯ ಉಂಡೆಗಳನ್ನು ದಾರಕ್ಕೆ ಪೋಣಿಸಿ ಇಳಿಬಿಡುವ ಚಾಳಿ ನಮ್ಮಲ್ಲಿ ಉಂಟು. ಡಿಸೆಂಬರಿನಲ್ಲಿ ನಮ್ಮ ಹೊಲಗಳಲ್ಲಿ ತೊಗರಿ ಕಾಯಿಗಟ್ಟಿ ನಿಂತಿರುತ್ತದೆ. ಬೆಳಗಿನ ಚಳಿಗೆ ಒಂದು ಶಾಲು ಸಾಕು. ವಾಡಿ, ಶಹಾಬಾದಗಳ ಮಕ್ಕಳು ಎಲೆಗಳ ಮೇಲೆ ಕಂಡ ಬಿಳುಪೆಂದರೆ ಸಿಮೆಂಟಿನ ಮತ್ತು ಕಲ್ಲಿನ ಧೂಳು. ಅದನ್ನು ಕಂಡು ಯಾರ ಮನಸ್ಸೂ ಹಿಗ್ಗಿದ್ದಿಲ್ಲ. ನಮ್ಮ ಪ್ರೇಕ್ಷಕರಿಗೆ ಹತ್ತಿಯ ಹಿಮ ನಿಂತರೇನು, ಬಿದ್ದರೇನು? ಆದುದರಿಂದ ಹಿಮವನ್ನು ಬಿಡಿರಿ. ಆದರೆ ಹಿಮವು ಮಾಡಿದ ಕೆಲಸವನ್ನು ಬಿಡಬೇಡಿರಿ. ಹಾರ್ಮೋನಿಯಂ ನುಡಿಸುವವಳು ನಾಟಕದ ಮೊದಲಿನಿಂದ ಒಂದೇ ಷಡ್ಜವನ್ನು, ಮಾತಿನ ಕೆಳಗೂ ಕೇಳಿಸಿಯೂ ಕೇಳಿಸದಂತೆ, ಹಿಡಿದಿರಲಿ. ಸೇತುವೆಯ ದೃಶ್ಯದಲ್ಲಿ ಆ ಮಾತು ಹೊರಟೊಡನೆ ಶ್ರುತಿ ನಿಲ್ಲಲಿ. ಅರ್ಧ ಗಂಟೆಯಿಂದ ಕಿವಿಗೆ ಒಗ್ಗಿದ ಶ್ರುತಿ ನಿಂತಾಗ, ನಿಂತದ್ದು ಏನೆಂದು ತಿಳಿಯದವರಿಗೂ ಎದೆ ಧಸಕ್ಕೆನ್ನುತ್ತದೆ. ಇದನ್ನು ಪರೀಕ್ಷಿಸಿ ನೋಡಿಯೇ ಹೇಳುತ್ತಿದ್ದೇನೆ. ಅನಂತರದ ಹತ್ತು ನಿಮಿಷ ಆ ಊರಿನಲ್ಲಿ ಒಂದು ಹಾಡೂ ಇರಬಾರದು.

ಹಿಮದಂತೆಯೇ ಕ್ಯಾಮರಾದ ಇನ್ನೊಂದು ಆಯುಧ ಮುಖ. ಜೇಮ್ಸ್ ಸ್ಟೂವರ್ಟ್ ಎಂಬ ನಟರ ಮುಖವನ್ನು ಕ್ಯಾಮರಾ ಹತ್ತಿರದಿಂದ ತೋರಿಸುತ್ತದೆ. ಕಣ್ಣು ತುಂಬಿದ್ದು, ತುಟಿ ನಡುಗಿದ್ದು ಸಾವಿರ ಜನರಿಗೂ ಕಾಣುತ್ತದೆ. ನಮ್ಮ ಸಭಾಮಂದಿರದ ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಪಾತ್ರಧಾರಿಣಿಯ ಮೂಗೂ ಸರಿಯಾಗಿ ಕಾಣಿಸದು. ಹೀಗಿರುವಲ್ಲಿ ಚಿತ್ರದಲ್ಲಿ ಮುಖ ಎಲ್ಲಿ ದೊಡ್ಡದಾಗಿ ಬರುತ್ತದೆಯೋ ಅಲ್ಲಿಯೇ ರಂಗದಲ್ಲಿ ಹಾಡು ಹುಟ್ಟಬೇಕು. ಉಪಾಧ್ಯಾಯಿನಿಯು ಚಿತ್ರವನ್ನು ನೋಡುವಾಗ ಕೈಯಲ್ಲಿ ಹಾಳೆ ಹಿಡಿದು, ಮುಖ ಹತ್ತಿರ ಬಂದಾಗಲೆಲ್ಲ ಒಂದು ಗೀಟು ಹಾಕಲಿ. 130 ನಿಮಿಷದ ಚಿತ್ರದಲ್ಲಿ ಅಂತಹ ಗೀಟುಗಳು ಅನೇಕವಾದಾವು. ಅವುಗಳಲ್ಲಿ ಕಥೆ ತಿರುಗುವ ಏಳೆಂಟನ್ನು ಆರಿಸಿದರೆ ಹಾಡುಗಳ ಪಟ್ಟಿ ಸಿದ್ಧವಾದಂತೆಯೇ.

ಚಿತ್ರದಲ್ಲಿ ಜಾರ್ಜನ ಪುಟ್ಟ ಮಗಳು ಝೂಝೂ ತರುವ ಹೂವಿನ ಪ್ರಸಂಗವೊಂದಿದೆ. ಉದುರಿದ ಎಸಳುಗಳನ್ನು ತಂದೆ ಅವಳಿಗೆ ಕಾಣದಂತೆ ತನ್ನ ಕಿಸೆಗೆ ಹಾಕಿಕೊಳ್ಳುತ್ತಾನೆ. ತಾನಿಲ್ಲದ ಲೋಕದಲ್ಲಿ ಕಿಸೆ ತಡಕಿದರೆ ಎಸಳು ಇಲ್ಲ. ಮರಳಿ ಬಂದಾಗ ಇವೆ. ಒಂದು ಹೂವಿನ ಎಸಳನ್ನು ರಂಗದಲ್ಲಿ ಯಾರು ಕಂಡಾರು? ಮಗು ಹೂವನ್ನು ಕೊಡುವಾಗ ನಾಲ್ಕೇ ಸಾಲಿನ ಒಂದು ಜೋಗುಳವನ್ನು ಹಾಡಲಿ. ಅವನು ಮುಂದೆ ಕಿಸೆ ತಡಕುವಾಗ ಆ ಜೋಗುಳದ ಮೊದಲ ಸ್ವರವೂ ಕೇಳಿಸದಿರಲಿ, ಅವನೇ ನೆನಪುಮಾಡಿಕೊಳ್ಳಲು ಹೋಗಿ ಮಾತು ತಡವರಿಸಲಿ. ಮರಳಿ ಬಂದಾಗ ಎಸಳನ್ನು ತೋರಿಸಬೇಕಾದದ್ದೇ ಇಲ್ಲ. ಜೋಗುಳ ಒಳಗಿನಿಂದ ಕೇಳಿಸಿದರಾಯಿತು.

ಸಂಘದ ಹಣಕ್ಕಾಗಿ ಜನ ಮುತ್ತುವ ದೃಶ್ಯವು ನಮ್ಮ ಕಡೆಯವರಿಗೆ ಅಮೆರಿಕದ ಪ್ರೇಕ್ಷಕರಿಗಿಂತ ಚೆನ್ನಾಗಿ ತಿಳಿಯುತ್ತದೆ. ಮೇಲಿನ ತರಗತಿಯವರಿಗೆ ಈ ಭಾಗವನ್ನು ತೋರಿಸುತ್ತಿದ್ದಾಗ ಹಿಂದಿನಿಂದ ಒಬ್ಬಳು, “ನಮ್ಮವ್ವನ ಸಂಘದಾಗೂ ಹಿಂಗೇ ಆಗಿತ್ತು ನೋಡ್ರಿ” ಎಂದಳು. ಕನ್ನಡ ನಾಡಿನಲ್ಲಿ 1905ರಲ್ಲಿಯೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘ ಹುಟ್ಟಿತು. ಈಗ ಊರೂರಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿವೆ. ಜಾರ್ಜ್ ಆ ದಿನ ತಾನೇ ಮದುವೆಯಾಗಿದ್ದಾನೆ. ಪ್ರವಾಸಕ್ಕೆಂದು ಇಟ್ಟ 2,000 ಡಾಲರುಗಳನ್ನು ಹೆಂಡತಿಯೇ ಎತ್ತಿ ತೋರಿಸಿ ಜನರಿಗೆ ಹಂಚಲು ಕೊಡುತ್ತಾಳೆ. ನಿಮ್ಮ ಹಣ ಈ ಪೆಟ್ಟಿಗೆಯಲ್ಲಿಲ್ಲ, ಅದು ಪಕ್ಕದವನ ಮನೆಯ ಗೋಡೆಯಲ್ಲಿದೆ ಎಂದು ಅವನು ಜನರಿಗೆ ತಿಳಿಹೇಳುತ್ತಾನೆ. ಒಬ್ಬನು ತನ್ನದೆಲ್ಲವನ್ನೂ ಕೊಡೆಂದು ಹಟ ಹಿಡಿಯುತ್ತಾನೆ. ಕೆಲವರು ಇಪ್ಪತ್ತು ಸಾಕೆನ್ನುತ್ತಾರೆ. ಒಬ್ಬ ಹೆಂಗಸು ಹದಿನೇಳೂವರೆ ಡಾಲರು ಮಾತ್ರ ಕೇಳುತ್ತಾಳೆ. ಸಂಜೆ ಬಾಗಿಲು ಹಾಕುವಾಗ ಉಳಿದದ್ದು 2 ಡಾಲರು. ಇದನ್ನು ಸವಾಲು ಜವಾಬಿನ ಲಾವಣಿಯ ಮಾದರಿಯಲ್ಲಿ ಮಾಡಿರಿ. ಮೇಳದವರು ಕೇಳಲಿ, ಅವನು ಉತ್ತರಿಸಲಿ. ಪ್ರತಿ ಉತ್ತರಕ್ಕೂ ಕೇಳುವವರ ಸಂಖ್ಯೆ ಕಡಿಮೆಯಾಗಿ ಉತ್ತರಿಸುವವರ ಕಡೆ ಹೆಚ್ಚಾಗುತ್ತ ಹೋಗಲಿ. ಮನೆಯೆಂದಾಗ ನಮ್ಮವರಿಗೆ ಕಣ್ಣಮುಂದೆ ಬರುವುದು ಶಹಾಬಾದಿ ಫರಸಿಯ ನೆಲ. ಆ ಕಲ್ಲನ್ನು ಕಡಿದವನಿಗೇ ಆ ನೆಲದ ಮನೆ ಇಲ್ಲದಿರುವುದನ್ನು ಹಾಡಿನಲ್ಲಿ ಒಂದು ಸಾಲು ಹೇಳಿದರೆ ಸಾಕು, ಪಾಟರನ ಮೇಲೆ ಭಾಷಣ ಬೇಕಾಗದು.

ಇನ್ನು ಸೇತುವೆಯ ಪ್ರಸಂಗ. ಇಲ್ಲಿ ನಾಟಕದ ಅಂದಕ್ಕಿಂತ ಮಕ್ಕಳ ಕ್ಷೇಮ ಮುಖ್ಯವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಸಂಗೀತ ನಾಟಕದ ರೂಢಿಯಂತೆ ನಾಯಕನ ದುಃಖ ತುದಿಮುಟ್ಟಿದಾಗ ಒಂದು ದೀರ್ಘವಾದ ಶೋಕಗೀತ ಬರಬೇಕು. ಅದನ್ನು ಇಲ್ಲಿ ಬರೆಯಬಾರದು. ನಾಟಕ ಮುಗಿದ ಮೇಲೂ ಹುಡುಗಿಯರು ಅದರ ಹಾಡುಗಳನ್ನು ತಿಂಗಳುಗಟ್ಟಲೆ ಗುನುಗುತ್ತಾರೆ. ಬಟ್ಟೆ ಒಗೆಯುವಾಗ, ವಸತಿಗೃಹದ ಮೆಟ್ಟಿಲ ಮೇಲೆ, ಇರುಳು ಹಾಸಿಗೆಯಲ್ಲಿ. ಸಾಯಬೇಕೆಂಬ ಬಯಕೆಗೆ ಇಂಪಾದ ರಾಗವನ್ನು ಕೊಟ್ಟು ಅದನ್ನು ಅವರ ನಾಲಗೆಯ ಮೇಲೆ ಇಡುವ ಅಧಿಕಾರ ನಮಗಿಲ್ಲ. ಸಾಲದಿಂದ ತತ್ತರಿಸಿದ ಮನೆಗಳು ನಮ್ಮ ತೊಗರಿ ನಾಡಿನಲ್ಲಿ ಇವೆ. ಪರೀಕ್ಷೆಯ ಫಲದ ದಿನ ಮುಖ ಮರೆಸಿಕೊಳ್ಳುವ ಮಕ್ಕಳೂ ಇದ್ದಾರೆ. ಆದುದರಿಂದ ಈ ಎಡೆಯಲ್ಲಿ ನಾಯಕನಿಗೆ ಮೂರೇ ಮಾತು, ಹಾಡಿಲ್ಲ. ಬಾವಿ, ಹಗ್ಗ, ಔಷಧದ ಸೀಸೆ ಮುಂತಾದ ನಮ್ಮ ಊರಿನ ಯಾವ ಗುರುತನ್ನೂ ರಂಗದ ಮೇಲೆ ತರಕೂಡದು. ಅಮೆರಿಕದ ಸೇತುವೆ ಸೇತುವೆಯಾಗಿಯೇ ಇರಲಿ, ಅದೂ ಎರಡು ಬೆಂಚುಗಳಿಂದ ಮಾಡಿದ್ದು.

ಮೂಲದವರು ಇಲ್ಲಿ ತೋರಿದ ಜಾಣ್ಮೆಯನ್ನು ಗಮನಿಸಿರಿ. ದೂತನು ಜಾರ್ಜನಿಗೆ ಉಪದೇಶ ಮಾಡುವುದಿಲ್ಲ, ಕೈಹಿಡಿದೂ ಎಳೆಯುವುದಿಲ್ಲ. ತಾನೇ ನೀರಿಗೆ ಹಾರಿ ಕಾಪಾಡಿರೆಂದು ಕೂಗುತ್ತಾನೆ. ಇನ್ನೊಬ್ಬನು ಮುಳುಗುತ್ತಿರುವುದನ್ನು ಕಂಡ ಜಾರ್ಜ್ ತನ್ನ ದುಃಖವನ್ನು ಮರೆತು ಅವನನ್ನು ಎತ್ತಲು ಹೋಗುತ್ತಾನೆ. ನಮ್ಮ ನಾಟಕದಲ್ಲಿ ನೀರು ಬೇಡ, ಹಾರುವುದೂ ಬೇಡ. ದೇವದೂತೆ ಒಳಗಿನಿಂದ ಕರೆಯಲಿ, ಅವನು ಹೋಗಿ ಅವಳನ್ನು ಆತುಕೊಂಡು ಕರೆತರಲಿ. ಪ್ರಯೋಗವಾದ ಮರುದಿನ ಪಾತ್ರಧಾರಿಣಿಯರೊಡನೆಯೂ ನೋಡಿದ ಮಕ್ಕಳೊಡನೆಯೂ ತರಗತಿಯಲ್ಲಿ ಈ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತನಾಡತಕ್ಕದ್ದು. ಮನಸ್ಸು ಕುಗ್ಗಿದವರು ಮಾತನಾಡಲು ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯನ್ನು ಕಾರ್ಯಕ್ರಮ ಪತ್ರಿಕೆಯ ಹಿಂಭಾಗದಲ್ಲಿ ಅಚ್ಚುಹಾಕಿಸಿದರೆ ನಾಟಕಕ್ಕೆ ಕುಂದೇನೂ ಇಲ್ಲ.

ಜಾರ್ಜ್ ಇಲ್ಲದ ಊರು ಹಾಡಿಲ್ಲದ್ದೆಂದು ಹೇಳಿದೆನಷ್ಟೆ. ಅಲ್ಲಿಯ ಸಂಗತಿಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ. ಬಾಲ್ಯದಲ್ಲಿ ಅವನು ಹಿಮದ ಕೊಳದಲ್ಲಿ ಬಿದ್ದ ತಮ್ಮನನ್ನು ಎತ್ತಿದ್ದ. ಅವನಿಲ್ಲದ್ದರಿಂದ ತಮ್ಮ ಸತ್ತ. ತಮ್ಮನಿಲ್ಲದ್ದರಿಂದ ಯುದ್ಧದಲ್ಲಿ ಅವನು ಉಳಿಸಬೇಕಾಗಿದ್ದ ಸೈನಿಕರೆಲ್ಲರೂ ಸತ್ತರು. ಔಷಧದ ಅಂಗಡಿಯ ಮುದುಕ ಶೋಕದ ಮಬ್ಬಿನಲ್ಲಿ ವಿಷ ಬೆರೆಸಿದ್ದನ್ನು ತಡೆಯುವ ಹುಡುಗನಿರಲಿಲ್ಲ. ಮುದುಕ ಸೆರೆಮನೆಗೆ ಹೋದ. ಈ ಸರಪಳಿಗೆ ನಮ್ಮ ಬೀಸುವ ಕಲ್ಲಿನ ತ್ರಿಪದಿ ಹೇಳಿ ಮಾಡಿಸಿದಂತಿದೆ. ಮೊದಲ ಸಾಲು ಕೆಲಸ, ಎರಡನೆಯದು ಅದರ ಫಲ, ಮೂರನೆಯದು ಫಲದ ಫಲ. ಮೊದಲ ಅಂಕದಲ್ಲಿ ಈ ತ್ರಿಪದಿಗಳನ್ನು ಮೇಳದವರು ಹಾಡಿರಬೇಕು. ಎರಡನೆಯ ಅಂಕದ ಮೂಕ ಊರಿನಲ್ಲಿ ಅವೇ ಪದಗಳನ್ನು ಮೊದಲ ಸಾಲನ್ನು ಬಿಟ್ಟು ಒಬ್ಬೊಬ್ಬಳು ಬಂದು ಒಣ ಮಾತಿನಲ್ಲಿ ಹೇಳಿಹೋಗಲಿ. ಹಾಡಾಗಿ ಕೇಳಿದ್ದನ್ನು ಮಾತಾಗಿ, ಅದೂ ತಲೆಯಿಲ್ಲದ್ದಾಗಿ, ಕೇಳಿದವರಿಗೆ ವಿವರಣೆ ಬೇಕಿಲ್ಲ.

ಒಂದು ಎಡೆಯಲ್ಲಿ ನಾನು ಚಿತ್ರದೊಡನೆ ಜಗಳವಾಡದೆ ಇರಲಾರೆ. ತಾನಿಲ್ಲದ ಊರಿನಲ್ಲಿ ಹೆಂಡತಿ ಮೇರಿಯ ಗತಿಯೇನೆಂದು ಜಾರ್ಜ್ ಕೇಳುತ್ತಾನೆ. ದೂತನು ಹೇಳಲೂ ಅಂಜುತ್ತಾನೆ. ಆಮೇಲೆ ತಿಳಿಯುವುದೇನೆಂದರೆ, ಆಕೆ ಮದುವೆಯಾಗದೆ ಕನ್ನಡಕ ಹಾಕಿಕೊಂಡು ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದಾಳೆ! ಸೈನಿಕರ ಸಾವು, ಮುದುಕನ ಸೆರೆಮನೆ, ಇವುಗಳ ಸಾಲಿನಲ್ಲಿ ಗ್ರಂಥಾಲಯದ ಬೀಗದ ಕೈಯನ್ನೂ ಒಂದು ದುರಂತವೆಂದು ಇಟ್ಟಿದ್ದಾರೆ. ಸ್ಟರ್ನರ ಮೂಲಕಥೆಯಲ್ಲಿ ಹೀಗಿಲ್ಲ. ಅಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾಗಿದ್ದಾಳೆ. ಹೆಣ್ಣುಮಕ್ಕಳಿಗೆ ಓದು ಕಲಿಸುವ ಶಾಲೆಯಲ್ಲಿ ಚಿತ್ರದ ಈ ಭಾಗವನ್ನು ಇದ್ದಂತೆ ಆಡಿಸಿದರೆ ನಾವು ವರ್ಷವೆಲ್ಲ ಹೇಳಿದ್ದನ್ನು ಒಂದು ಸಂಜೆಯಲ್ಲಿ ಅಳಿಸಿದಂತಾಗುತ್ತದೆ. ನಮ್ಮ ನಾಟಕದಲ್ಲಿ ಆ ಊರಿನಲ್ಲಿ ಗ್ರಂಥಾಲಯವೇ ಮುಚ್ಚಿರಲಿ. ಮೇರಿಯು ಅದರ ಬಾಗಿಲ ಹೊರಗೆ ನಿಂತಿರಲಿ. ಓದಬೇಕೆಂದಿದ್ದೆ, ಇಲ್ಲಿ ಶಾಲೆ ನಡೆಸಲು ಯಾರೂ ಉಳಿಯಲಿಲ್ಲ ಎಂದು ಹೇಳಲಿ. ಸೇಡಂ, ಚಿಂಚೋಳಿ ಕಡೆಯ ತಾಂಡಾಗಳಿಂದ ಬರುವ ನಮ್ಮ ಹುಡುಗಿಯರಿಗೆ ಆ ಬಾಗಿಲು ಏನೆಂದು ಗೊತ್ತು.

ದೇವದೂತೆಯ ವಿಷಯದಲ್ಲಿ ಸಭೆಯ ಹಿರಿಯರು ಒಂದು ಆಕ್ಷೇಪ ತೆಗೆಯಬಹುದು. ಸತ್ತ ಮನುಷ್ಯರು ದೂತರಾಗುತ್ತಾರೆ, ಒಳ್ಳೆಯ ಕೆಲಸ ಮಾಡಿ ರೆಕ್ಕೆ ಗಳಿಸುತ್ತಾರೆ, ಗಂಟೆ ಬಾರಿಸಿದಾಗಲೆಲ್ಲ ಒಬ್ಬ ದೂತನಿಗೆ ರೆಕ್ಕೆ ಬಂತೆಂದು ತಿಳಿಯಬೇಕು, ಇವೆಲ್ಲ ಚಿತ್ರದಲ್ಲಿವೆ. ಸತ್ಯವೇದದಲ್ಲಿ ಇವಾವುವೂ ಇಲ್ಲ. ಸ್ಟರ್ನರ ಕಥೆಯಲ್ಲಿಯೂ ಇಲ್ಲ. ಅಲ್ಲಿ ಬರುವವನು ಯಾರೆಂದೇ ಹೇಳದ ಒಬ್ಬ ಕುಳ್ಳ ಮುದುಕ. ನಾಯಕನ ಕೈಗೆ ಬ್ರಶ್ಶು ಮಾರುವವನ ಒಂದು ಚೀಲ ಕೊಟ್ಟು, ಅದನ್ನು ಹಿಡಿದು ಮನೆಮನೆಗೆ ಹೋಗೆನ್ನುತ್ತಾನೆ. ಹಿರಿಯರ ಆಕ್ಷೇಪ ಬಲವಾಗಿದ್ದರೆ ರೆಕ್ಕೆ ಬಿಟ್ಟು ಚೀಲವನ್ನು ಹಿಡಿಯಿರಿ. ಬಿಳಿ ಲಂಗ, ತಗಡಿನ ರೆಕ್ಕೆಗಿಂತ ಆ ಚೀಲ ರಂಗದಲ್ಲಿ ಹೆಚ್ಚು ಕೆಲಸ ಮಾಡೀತೆಂದು ನನಗೆ ತೋರುತ್ತದೆ.

ಹೆಸರುಗಳನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಮೇರಿಯನ್ನು ಮರಿಯಮ್ಮನೆಂದು ಕರೆದು ಜಾರ್ಜನನ್ನು ಯೋಸೇಫನೆಂದು ಕರೆದಿರೋ, ಪ್ರೇಕ್ಷಕರು ಮುಗಿಯುವ ತನಕ ಗೋದಲಿ ಎಲ್ಲಿಯೆಂದು ಹುಡುಕುತ್ತಿರುತ್ತಾರೆ. ನಾಯಕನಿಗೆ ಸಮುವೇಲನೆಂಬ ಹೆಸರು ಒಪ್ಪುತ್ತದೆ. ಅವನು ಬೇಡಿ ಪಡೆದ ಮಗನಷ್ಟೆ, ಮತ್ತು ನಾಟಕದ ಆರಂಭವೂ ಊರವರ ಬೇಡುವಿಕೆಯಿಂದಲೇ. ಚಿತ್ರದಲ್ಲಿ ಮನೆಮನೆಯಿಂದ ಅವನಿಗಾಗಿ ಪ್ರಾರ್ಥನೆ ಕೇಳಿಸುತ್ತದೆ. ರಂಗದಲ್ಲಿ ಅದು ಮೊದಲ ಮೇಳಗೀತ. ಸಂಭಾಷಣೆ ನಮ್ಮ ಕಲಬುರಗಿ ಸೀಮೆಯ ಮಾತಿನಲ್ಲಿಯೇ ಇರಲಿ. ಹಣ ಕಳೆದವನನ್ನು ಸಮುವೇಲನು ಕಾಕಾ ಎಂದು ಕರೆಯಲಿ. ತೆಲುಗು, ಉರ್ದು, ಲಂಬಾಣಿ ಮಾತನಾಡುವ ನೆರೆಯವರು ತಮ್ಮ ತಮ್ಮ ನುಡಿಯಲ್ಲಿ ಒಂದೆರಡು ಮಾತು ಆಡಿದರೆ ವಾಡಿ ಜಂಕ್ಷನ್ನಿನ ಫಲಾಟಿನ ಮೇಲೆ ನಿಂತವರಿಗೆ ಅದು ಅಸಹಜವೆನಿಸದು. ಗಂಡುಪಾತ್ರಗಳಿಗೆ ಹುಡುಗಿಯರು ಅಂಜಿದರೆ ಅವರಿಗೆ ಆರ್. ನಾಗರತ್ನಮ್ಮನವರ ವಿಷಯವನ್ನು ಹೇಳಿರಿ. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಅವರು ತಾವೇ ಗಂಡುವೇಷಗಳಲ್ಲಿ ಹೆಸರಾದರು. 2012ರಲ್ಲಿ ಪದ್ಮಶ್ರೀ ದೊರೆಯಿತು.

ಪಾಟರನಿಗೆ ಶಿಕ್ಷೆಯಾಗಲಿ ಎಂದು ನಮ್ಮ ಪ್ರೇಕ್ಷಕರು ಬಯಸುವುದು ಖಂಡಿತ. ಕಂಪನಿ ನಾಟಕದಲ್ಲಿ ಖಳನಿಗೆ ಕಡೆಯ ಅಂಕದಲ್ಲಿ ಪೆಟ್ಟು ಬೀಳದೆ ತೆರೆ ಬೀಳುವುದುಂಟೇ? ಚಿತ್ರದಲ್ಲಿ ಅವನು ಹಣವನ್ನು ಅರಗಿಸಿಕೊಂಡು ಸುಖವಾಗಿಯೇ ಇರುತ್ತಾನೆ. ಹಾಗೆಯೇ ಬಿಡಿರಿ. ಅವನನ್ನು ಹೊಡೆಸಿದರೆ ಜನ ಸಿಳ್ಳುಹಾಕಿ ಸಂತೋಷಪಟ್ಟಾರು, ಆದರೆ ಆ ಗದ್ದಲದಲ್ಲಿ ಬಾಗಿಲಲ್ಲಿ ಹಣ ಹಿಡಿದು ನಿಂತ ನೆರೆಯವರನ್ನು ಯಾರೂ ನೋಡುವುದಿಲ್ಲ.

ಹಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಿತ್ರದ ಹಕ್ಕು ಕಳೆದಿದ್ದರೂ ಸ್ಟರ್ನರ ಕಥೆಯ ಹಕ್ಕು ಉಳಿದಿತ್ತು. ಅದರ ಬಲದಿಂದಲೇ 1993ರಲ್ಲಿ ಚಿತ್ರದ ಪ್ರದರ್ಶನಕ್ಕೆ ಮತ್ತೆ ಕಟ್ಟುಪಾಡು ಬಂತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯು, ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರ ಮುಂದೆ ಆಡುವ ಪ್ರಯೋಗಕ್ಕೆ ಎಡೆಗೊಟ್ಟಿದೆ. ಅದರಾಚೆ ಹೋಗಿ ಚೀಟಿ ಮಾರುವುದು, ನಾಟಕವನ್ನು ಅಚ್ಚುಹಾಕಿಸುವುದು, ಇವಕ್ಕೆ ಅನುಮತಿ ಬೇಕು. ಚಿತ್ರದ ಹಾಡಿನ ಮಟ್ಟನ್ನು ಎತ್ತಿಕೊಳ್ಳಬೇಡಿರಿ. ನಮ್ಮ ಜೋಗುಳ, ಲಾವಣಿ, ಬೀಸುವ ಪದಗಳ ಮಟ್ಟು ಯಾರ ಕಚೇರಿಯಲ್ಲಿಯೂ ದಾಖಲಾಗಿಲ್ಲ. ಕಾರ್ಯಕ್ರಮ ಪತ್ರಿಕೆಯಲ್ಲಿ ಸ್ಟರ್ನ್ ಮತ್ತು ಕಾಪ್ರಾ ಇವರ ಹೆಸರು ತಪ್ಪದೆ ಇರಲಿ.

ಕಡೆಯ ದೃಶ್ಯ. ಶ್ರುತಿ ಮರಳಿ ಬಂದಿದೆ, ಒಳಗಿನಿಂದ ಜೋಗುಳ ಕೇಳಿಸಿದೆ. ನೆರೆಯವರು ಒಬ್ಬೊಬ್ಬರಾಗಿ ಬರುತ್ತಾರೆ. ಚಿತ್ರದಲ್ಲಿ ಅವರೆಲ್ಲ ಕೂಡಿ ಹಬ್ಬದ ಪ್ರಸಿದ್ಧ ಗೀತವನ್ನು ಹಾಡುತ್ತಾರೆ. ನೀವು ನಿಮ್ಮ ಸಭೆಯಲ್ಲಿ ಎಲ್ಲರಿಗೂ ಬಾಯಿಗೆ ಬರುವ ಕನ್ನಡ ಕ್ರಿಸ್ಮಸ್ ಗೀತ ಯಾವುದೋ ಅದನ್ನೇ ಹಾಡಿಸಿರಿ. ಎರಡನೆಯ ಚರಣಕ್ಕೆ ಪ್ರೇಕ್ಷಕರೂ ದನಿಗೂಡಿಸುತ್ತಾರೆ. ಕೈಸನ್ನೆ ಮಾಡಿ ಏಳಿಸಬೇಕಾಗಿಲ್ಲ. ತಂದದ್ದು ಬರಿಯ ನೋಟುಗಳಾಗಿರದೆ ಸೇರು ತೊಗರಿ, ಕೋಳಿಮೊಟ್ಟೆಯ ಬುಟ್ಟಿ, ಒಬ್ಬಳ ಸಂಘದ ಪಾಸುಪುಸ್ತಕ ಹೀಗೂ ಇರಲಿ. ಲಾವಣಿಯ ದೃಶ್ಯದಲ್ಲಿ ಹದಿನೇಳೂವರೆ ಕೇಳಿದ್ದ ಹೆಂಗಸು ಎಲ್ಲರಿಗಿಂತ ಕಡೆಗೆ ಬಂದು ಅಷ್ಟನ್ನೇ ಎಣಿಸಿ ಇಟ್ಟುಹೋಗಲಿ. ಇದು ಚಿತ್ರದಲ್ಲಿಲ್ಲ, ರಂಗದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಆ ಸಂಜೆ ಶಾಲೆಯ ಕಟ್ಟಡದ ನಿಧಿಗೆ ಹಣ ಬೇಕಾಗಿದ್ದರೂ ಸರಿ, ನಾಟಕದ ಆ ಬುಟ್ಟಿಯನ್ನೇ ಕೆಳಗಿಳಿಸಿ ಸಭಿಕರ ನಡುವೆ ಕಾಣಿಕೆಗೆಂದು ತಿರುಗಿಸಕೂಡದು. ಕಾಣಿಕೆಯನ್ನು ಮುಂದಿನ ಭಾನುವಾರ ಎತ್ತಿರಿ.